ಗೀಜಗದ ಗೂಡು ತಂದ ಮಾಸ್ತರು

ಮೇಲಿನವರು ಮಾಸ್ತರಿಗೆ ಒಂದು ಕೆಲಸ ಹೇಳಿದರೆ ಮಾಸ್ತರು ಅದನ್ನು ಮಕ್ಕಳಿಗೆ ಹೇಳುತ್ತಾರೆ. ತನಿಖೆಗೆ ಸಾಹೇಬರು ಬರುತ್ತಾರೆಂದರೆ ಮಕ್ಕಳು ಸಗಣಿ ತಂದು ಅಂಗಳ ಸಾರಿಸಬೇಕು. ಸಾಹೇಬರಿಗೆ ಚಹಾ ಆಗಬೇಕೆಂದರೆ ಯಾರ ಮನೆಯಲ್ಲಿ ಎಮ್ಮೆ ಈದಿದೆಯೋ ಆ ಹುಡುಗ ಚರಿಗೆ ಹಿಡಿದು ಓಡಬೇಕು. ಗಿಡ ನೆಡುವ ಸಪ್ತಾಹ ಬಂದರೆ ತಗ್ಗು ತೋಡುವವರು ಮಕ್ಕಳು, ಸಸಿ ಹಿಡಿದು ಫೋಟೋಕ್ಕೆ ನಿಲ್ಲುವವರು ಮಾಸ್ತರು. ಇದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಮಕ್ಕಳೂ ತಿಳಿದಿರಲಿಲ್ಲ. ಹುಣಸಿಹಟ್ಟಿಯ ವಿರೂಪಾಕ್ಷಪ್ಪ ಮಾಸ್ತರರಂತೂ ನೌಕರಿಗೆ ಸೇರಿದಾಗಿನಿಂದ ಹೀಗೆಯೇ ಶಾಲೆ ನಡೆಸಿದ್ದರು.

ಹುಣಸಿಹಟ್ಟಿ ಮಸ್ಕಿಯಿಂದ ಸಂತೆಕಲ್ಲೂರಿನ ಕಡೆ ಹೋಗುವಾಗ ಒಳಗೆ ಸಿಗುವ ಸಣ್ಣ ಊರು. ಶಾಲೆಗೆ ಒಂದು ಕೋಣೆ, ನಾಲ್ಕು ಇಯತ್ತೆ, ಒಬ್ಬರೇ ಮಾಸ್ತರು. ಆ ಮಾಸ್ತರರ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ಅವರು ಓಣಿಯಲ್ಲಿ ನಡೆದು ಬಂದರೆ ಕಟ್ಟೆಯ ಮೇಲೆ ಕುಳಿತವರು ಬೀಡಿ ಮರೆಮಾಡಿ ಎದ್ದು ನಿಲ್ಲುತ್ತಿದ್ದರು. ಅವರ ಒಬ್ಬಳೇ ಮಗಳು ಗ್ಯಾನಮ್ಮ ಇದನ್ನು ನೋಡುತ್ತಲೇ ಬೆಳೆದಳು. ತನ್ನಪ್ಪನಿಗಿಂತ ದೊಡ್ಡ ಮನುಷ್ಯ ಸುತ್ತ ಎಲ್ಲೂ ಇಲ್ಲ ಎಂದು ಬಹಳ ದಿನ ನಂಬಿದ್ದಳು. ತಾನೂ ಮಾಸ್ತರಿಣಿಯಾಗಬೇಕೆಂದು ಹಟ ಹಿಡಿದು ಓದಿದ್ದೂ ಅದಕ್ಕೇ.

೧೯೯೪ರಲ್ಲಿ ಅವಳಿಗೆ ನೌಕರಿ ಸಿಕ್ಕಿತು. ಸಿಂಧನೂರು ತಾಲೂಕಿನಲ್ಲಿ, ಜವಳಗೇರಾ ದಾಟಿ ಕಾಲುವೆಯ ದಂಡೆಗಿರುವ ಒಂದು ಕ್ಯಾಂಪಿನ ಶಾಲೆ. ಭತ್ತದ ಗದ್ದೆ ಮಾಡಲು ಆಂಧ್ರದಿಂದ ಬಂದು ನೆಲೆಸಿದವರ ಊರು ಅದು. ಅರ್ಧ ಮಕ್ಕಳು ಅವಳನ್ನು ತೆಲುಗಿನಲ್ಲಿ ಮಾತಾಡಿಸುತ್ತಿದ್ದರು. ಅದೇ ಶಾಲೆಯ ಚಾಂದ್‌ಬೀ ಟೀಚರ್ ಜೊತೆ ಸಿಂಧನೂರಿನಲ್ಲಿ ಒಂದು ಖೋಲಿ ಹಿಡಿದು, ದಿನಾ ಬಸ್ಸಿನಲ್ಲಿ ಹೋಗಿಬಂದು ಮಾಡುತ್ತಿದ್ದಳು.

ಆ ವರ್ಷ ಮಾಸ್ತರರಿಗೆಲ್ಲ ಪರಿಸರ ತರಬೇತಿ ಶುರುವಾಗಿತ್ತು. ಪಾಠವನ್ನು ಪುಸ್ತಕದಿಂದ ಬಿಡಿಸಿ ಗಿಡ, ಹಕ್ಕಿ, ಹಳ್ಳದ ಹತ್ತಿರ ಒಯ್ಯಬೇಕು ಎಂಬುದು ಅದರ ಉದ್ದೇಶ. ಸಿಂಧನೂರಿನವರಿಗೆ ಸಿಂಧನೂರಿನಲ್ಲಿ, ಲಿಂಗಸುಗೂರು ತಾಲೂಕಿನವರಿಗೆ ಲಿಂಗಸುಗೂರಿನಲ್ಲಿ. ಗ್ಯಾನಮ್ಮ ತನ್ನ ತರಬೇತಿಯಲ್ಲಿ ಹಾಡಿದಳು, ಕುಣಿದಳು, ಮಣ್ಣಿನಲ್ಲಿ ಆನೆ ಮಾಡಿದಳು. ಅದು ಮುಗಿದ ಮೇಲೆ ಬಂದ ಭಾನುವಾರ ಊರಿಗೆ ಹೋದಾಗ ಅಪ್ಪ ಕಟ್ಟೆಗೂ ಹೋಗದೆ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು.

“ಏನಾಗೈತಿಬೇ ಅಪ್ಪಗ?” ಎಂದು ತಾಯಿಯನ್ನು ಕೇಳಿದಳು.

ಪಾರ್ವತೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಲಿಂಗಸೂರಾಗ ಅವರಿಗೆ ಗುಬ್ಬಿ ಆಗ್ರಿ ಅಂದ್ರಂತ. ಆಗಲಿಲ್ಲಂತ. ಅದಕ ಸಿಟ್ಟು” ಎಂದಳು.

“ನೀ ಬಾಯಿ ಮುಚ್ಚು,” ಪಡಸಾಲೆಯಿಂದ ದನಿ ಬಂತು.

ನಡೆದದ್ದು ಇಷ್ಟು. ತರಬೇತಿ ಕೊಡಲು ಬಂದ ಹುಡುಗ ಎಲ್ಲ ಮಾಸ್ತರರನ್ನೂ ದುಂಡಗೆ ನಿಲ್ಲಿಸಿ, ಗುಬ್ಬಿಯ ಹಾಗೆ ಕುಪ್ಪಳಿಸುತ್ತ ಹಾಡಬೇಕು ಎಂದಿದ್ದ. ಎಲ್ಲರೂ ಕುಪ್ಪಳಿಸಿದರು. ವಿರೂಪಾಕ್ಷಪ್ಪ ಮಾಸ್ತರರು ಕೈ ಕಟ್ಟಿ ನಿಂತುಬಿಟ್ಟರು. ಹಿಂದಿನಿಂದ ಯಾರೋ, “ಅಜ್ಜಾರು ಕುಂದರ್ರಿ, ಮೊಣಕಾಲು ಹೋದೀತು” ಎಂದು ಕೂಗಿದ. ಸಭೆಗೆ ಸಭೆಯೇ ನಕ್ಕಿತು.

“ಮೊನ್ನೆ ಮೊನ್ನೆ ಸುಂಬಳ ಒರಸ್ಕೊಂಡ ಹುಡುಗ್ರವ್ವ ಗ್ಯಾನವ್ವ,” ಮಾಸ್ತರರು ಎದ್ದು ಕುಳಿತು ಹೇಳಿದರು. “ನನ್ನ ಕೈಯಾಗ ಕಲ್ತವರ ವಯಸ್ಸಿನವ್ರು. ನನಗ ಕುಪ್ಪಳಿಸು ಅಂತಾರ.”

“ಕುಪ್ಪಳಿಸಿದ್ರ ಏನಾಗ್ತಿತ್ತಪ್ಪ? ನಾನೂ ಕುಪ್ಪಳಿಸೀನಿ.”

“ನೀ ಸಣ್ಣಾಕಿ. ಈ ಊರಾಗ ನಾ ಹೋದ್ರ ಮಂದಿ ಎದ್ದು ನಿಲ್ತಾರ. ಅಲ್ಲಿ ಕುಪ್ಪಳಿಸಿ ಇಲ್ಲಿ ಬಂದು ಹೆಂಗ ತಿರುಗಾಡ್ಲಿ?” ಅವರು ಮತ್ತೆ ಗೋಡೆಗೆ ಮುಖ ಮಾಡಿದರು. “ಮುಂದಿನ ತಿಂಗಳ ಮಸ್ಕ್ಯಾಗ ಎರಡೂ ತಾಲೂಕಿನವ್ರನ್ನ ಕೂಡಸ್ತಾರಂತ. ನೀನೂ ಬರ್ತಿ. ಒಬ್ಬೊಬ್ಬರೂ ಪ್ರಕೃತಿ ಮೂಲೆ ಅಂತ ಮಾಡಿ ತೋರಸ್ಬೇಕಂತ. ಸಾಲಿ ಸುತ್ತಲಿನ ಸಾಮಾನು ತಂದು ಒಂದು ಟೇಬಲ್ ಮ್ಯಾಲೆ ಇಡಬೇಕು. ನಿನ್ನ ಮುಂದ ಮತ್ತ ನಗ್ಸಿಕೊಳ್ಳಾಕ ನಾ ಬರಂಗಿಲ್ಲ. ಜ್ವರ ಅಂತ ರಜಾ ಹಾಕ್ತೀನಿ.”

ಗ್ಯಾನಮ್ಮನಿಗೆ ಕೆಟ್ಟೆನಿಸಿತು. ಅಪ್ಪ ಯಾರಿಗಾದರೂ ಅಂಜಿ ರಜೆ ಹಾಕುವುದನ್ನು ಅವಳು ಕಂಡಿರಲಿಲ್ಲ.

“ಎಲ್ಲರೂ ಎಲಿ ತರ್ತಾರ, ಹೂ ತರ್ತಾರ, ಪೇಪರಿಗೆ ಅಂಟಿಸಿ. ನೀ ಗೀಜಗದ ಗೂಡು ಒಯ್ಯಪ್ಪ,” ಎಂದಳು. “ಹಳೇ ಬಾವಿ ಮ್ಯಾಲಿನ ಜಾಲಿ ಗಿಡದಾಗ ಎಷ್ಟು ಚಂದ ಜೋತ್ಯಾಡ್ತಾವ! ಯಾರೂ ತಂದಿರಂಗಿಲ್ಲ. ಅಷ್ಟೂ ಮಂದಿ ನಿನ್ನ ಟೇಬಲ್ಲಿನ ಮುಂದ ಬಂದು ನಿಲ್ತಾರ ನೋಡು.”

“ಗೂಡು?”

“ಹೂಂ. ಗೂಡು.”

ಮಾಸ್ತರರು ಗೋಡೆಯಿಂದ ಈ ಕಡೆ ತಿರುಗಿ ಕುಳಿತರು. “ನಿಮ್ಮವ್ವಗ ರೊಟ್ಟಿ ಹಾಕು ಅನ್ನು” ಎಂದರು.

ಒಂದು ಗೂಡು ಎಂಬುದು ಗ್ಯಾನಮ್ಮನ ಮನಸ್ಸಿನಲ್ಲಿತ್ತು. ಒಂದು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಮಳೆಗಾಲ, ಹಕ್ಕಿ ಮರಿ ಮಾಡುವ ಕಾಲ ಎಂಬುದೂ ಅವಳಿಗೆ ಹೊಳೆಯಲಿಲ್ಲ. ಆ ಬಾವಿಯ ದಂಡೆಯಲ್ಲಿಯೇ ಆಡಿ ಬೆಳೆದವಳು, ಪರಿಸರ ತರಬೇತಿ ಮುಗಿಸಿ ಬಂದವಳು. ಹೊಳೆಯಬೇಕಿತ್ತು.

ಮಸ್ಕಿಗೆ ಹೋಗುವ ಹಿಂದಿನ ದಿನ ಮಾಸ್ತರರು ಮಕ್ಕಳಿಗೆ ಹೇಳಿದರು. ಒಬ್ಬೊಬ್ಬರು ಒಂದೊಂದು ಗೀಜಗದ ಗೂಡು ತರಬೇಕು, ತರದವರನ್ನು ಬಿಸಿಲಲ್ಲಿ ನಿಲ್ಲಿಸುತ್ತೇನೆ. ಇನ್ನೇನು ಬೇಕು? ಹುಡುಗರು ಜಾಲಿ ಗಿಡ ಹತ್ತಿದರು. ಹುಡುಗಿಯರು ತಮ್ಮ ಅಣ್ಣಂದಿರನ್ನು ಹತ್ತಿಸಿದರು. ಕುಡಗೋಲು ಕಟ್ಟಿದ ಗಳ ಬಂತು. ಮುಳ್ಳು ಗೀರಿ ಕೈಯೆಲ್ಲ ರಕ್ತ ಮಾಡಿಕೊಂಡರು. ಸಂಜೆಯ ಹೊತ್ತಿಗೆ ಹಳೇ ಬಾವಿಯ ಗಿಡ ಬೋಳಾಯಿತು. ಹಕ್ಕಿಗಳು ಬಾವಿಯ ಮೇಲೆ ಕಿರುಚುತ್ತ ಸುತ್ತಿದವು. ಬೆಳೆ ತಿನ್ನುವ ಹಕ್ಕಿ, ಹೋದರೆ ಹೋಗಲಿ ಎಂದು ಹೊಲದವರೂ ಸುಮ್ಮನಿದ್ದರು. ಮಾಸ್ತರರು ಗೂಡುಗಳನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ತುಂಬಿಸಿಕೊಂಡರು. ಒಳಗೆ ನೋಡಲಿಲ್ಲ.

ಮಸ್ಕಿಯಲ್ಲಿ ಆ ಶನಿವಾರ ಮುಂಜಾನೆ ಎಲ್ಲರನ್ನೂ ಗುಡ್ಡ ಹತ್ತಿಸಿ ಇಳಿಸಿದರು. ಸಿಂಧನೂರಿನ ಬಸ್ಸು ತಡವಾಗಿ ಬಂದದ್ದರಿಂದ ಗ್ಯಾನಮ್ಮ, ಚಾಂದ್‌ಬೀ ಇಬ್ಬರೂ ಗುಡ್ಡ ತಪ್ಪಿಸಿಕೊಂಡು ನೇರವಾಗಿ ಪ್ರದರ್ಶನದ ಹಾಲಿಗೆ ಬಂದರು. ಬಾಗಿಲಲ್ಲಿ ಒಬ್ಬೊಬ್ಬರ ಎದೆಗೂ ರಟ್ಟಿನಲ್ಲಿ ಕತ್ತರಿಸಿದ ಎಲೆ ಚುಚ್ಚುತ್ತಿದ್ದರು. ಯಾವ ಎಲೆ ಬಂತೋ ಆ ಗಿಡದ ಗುಂಪು. ಗ್ಯಾನಮ್ಮನಿಗೆ ಬೇವು ಬಂತು.

“ನಂಗೂ ಬೇವಾ ಕೊಟ್ಟಾರ,” ಚಾಂದ್‌ಬೀ ಎಲೆ ನೋಡಿಕೊಂಡು ಹೇಳಿದಳು. “ಊರಾಗ ನಮ್ಮ ಮನಿಯವರು ಕೇಳಿದ್ರ ಖುಷ್ ಆಗ್ತಾರ. ನೀ ಕಹಿ ಅಂತ ಹದಿನೈದು ವರ್ಷದಿಂದ ನಾ ಹೇಳಿದ್ದನ್ನ ಸರ್ಕಾರನೂ ಒಪ್ಪಿತು ಅಂತಾರ.”

ಹಾಲಿನ ತುಂಬ ಬೆಂಚುಗಳು. ಎಲೆ, ಹೂ, ಕಲ್ಲು, ಬಾಟಲಿಯಲ್ಲಿ ಹಳ್ಳದ ನೀರು, ಹಾವಿನ ಪೊರೆ. ಎಲ್ಲರೂ ತಂದದ್ದು ಒಂದೇ ಥರ, ಗ್ಯಾನಮ್ಮ ತಂದದ್ದೂ. ಕಿಟಕಿಯ ಹತ್ತಿರ ಮಾತ್ರ ಮಂದಿ ಮುಗಿಬಿದ್ದಿದ್ದರು. ಗ್ಯಾನಮ್ಮ ಹೆಗಲುಗಳ ಮೇಲಿಂದ ನೋಡಿದಳು. ಎರಡು ಬೆಂಚುಗಳ ನಡುವೆ ಉದ್ದನೆಯ ಗಳ. ಗಳದ ತುಂಬ ಒತ್ತೊತ್ತಾಗಿ ತೂಗುಬಿಟ್ಟ ಗೀಜಗದ ಗೂಡುಗಳು. ಇಷ್ಟೊಂದು ಗೂಡು ಯಾಕೆ ಎಂದು ಅವಳಿಗೆ ಒಂದು ಸಲ ಅನಿಸಿತು. ಆದರೆ ಅವುಗಳ ಹಿಂದೆ ನಿಂತ ಅಪ್ಪನ ಮುಖ ನೋಡಿದಾಗ ಅದು ಮರೆತುಹೋಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಮೇಲೆ ಜಾಲಿಯ ಎಲೆ, ಎಣ್ಣೆ ಹಚ್ಚಿ ಬಾಚಿದ ತಲೆ. ಲಿಂಗಸುಗೂರಿನಲ್ಲಿ ನಕ್ಕವರೇ ಬಂದು, “ಭಾರಿ ತಂದೀರಿ ಬಿಡ್ರಿ ಸರ” ಎನ್ನುತ್ತಿದ್ದರು. ಅಪ್ಪ ಕತ್ತು ಎತ್ತಿ ಎತ್ತಿ ಬಾಗಿಲ ಕಡೆ ನೋಡುತ್ತಿದ್ದರು. ತನ್ನನ್ನೇ ಹುಡುಕುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಸಾಹೇಬರು ನೋಡಿ ಹೊಗಳಲಿ, ಆಮೇಲೆ ಎಲ್ಲರ ಮುಂದೆ ಹೋಗಿ ‘ಅಪ್ಪಾ’ ಎಂದು ಕರೆಯೋಣ ಎಂದುಕೊಂಡು ಅವಳು ಅಲ್ಲೇ ನಿಂತಳು.

ತರಬೇತಿಯ ಮುಖ್ಯಸ್ಥ ಮೈಲಾರಲಿಂಗಪ್ಪ ಬಂದ. ಲಿಂಗಸುಗೂರಿನಲ್ಲಿ ಗುಬ್ಬಿ ಮಾಡಿಸಿದವನೂ ಅವನೇ. ಇನ್ನೂ ಮೂವತ್ತು ದಾಟದ, ಮೆತ್ತಗೆ ಮಾತಾಡುವ ಹುಡುಗ. ಅವನ ಹಿಂದೆ ಇಬ್ಬರು ಅಧಿಕಾರಿಗಳು. ಅವರು ಬಂದೊಡನೆ ಗದ್ದಲ ನಿಂತಿತು.

ಗದ್ದಲ ನಿಂತಾಗ ಗೂಡಿನೊಳಗಿನ ದನಿ ಕೇಳಿಸಿತು.

ಬಹಳ ಸಣ್ಣ ದನಿ. ಚಿಂವ್ ಅಂತಲೂ ಅಲ್ಲ. ಮೈಲಾರಲಿಂಗಪ್ಪ ಒಂದು ಗೂಡಿಗೆ ಕಿವಿ ಹಚ್ಚಿದ. ಅದನ್ನು ಬಿಚ್ಚಿ, ಕೆಳಗಿನ ಕೊಳವೆಯಲ್ಲಿ ಎರಡು ಬೆರಳು ಹಾಕಿ, ಏನನ್ನೋ ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಕಣ್ಣು ತೆರೆಯದ, ಪುಕ್ಕ ಬರದ ಕೆಂಪು ಮರಿ. ಬಾಯಿ ತೆರೆದು ಮುಚ್ಚುತ್ತಿತ್ತು. ಇನ್ನೊಂದು ಗೂಡಿನಿಂದ ಸತ್ತ ಮರಿ ಬಂತು. ಅದಕ್ಕೆ ಇರುವೆ ಮುತ್ತಿದ್ದವು. ಮತ್ತೊಂದರಿಂದ ಒಡೆದ ತತ್ತಿಯ ಲೋಳೆ ಬೆಂಚಿನ ಮೇಲೆ ಸುರಿಯಿತು.

ಆಮೇಲೆ ಹಿಂದಿನಿಂದ ಒಬ್ಬ, “ಸರ ಬಾಣಂತನದ ದವಾಖಾನಿನಾ ಎತ್ತಿಕೊಂಡು ಬಂದಾರ” ಎಂದ. ಒಬ್ಬ ನಕ್ಕ. ನಂತರ ಹಾಲೆಲ್ಲ ನಕ್ಕಿತು. ಅಧಿಕಾರಿಗಳೂ ಮುಖ ಆ ಕಡೆ ತಿರುಗಿಸಿ ನಕ್ಕರು.

ಮಾಸ್ತರರ ಮುಖ ಕಪ್ಪಾಯಿತು. “ಏನ್ ನಗ್ತೀರಿ?” ಎಂದು ಅವರು ಶಾಲೆಯಲ್ಲಿ ಕೂಗುವ ಹಾಗೆಯೇ ಕೂಗಿದರು. “ನಾ ಖಾಲಿ ಗೂಡು ತರ್ರಿ ಅಂತ ಹೇಳಿದ್ದೆ. ಹುಡುಗ್ರು ಬೇವರ್ಸಿಗಳು, ಕಂಡದ್ದೆಲ್ಲ ಕೊಯ್ಕೊಂಡು ಬಂದಾವ. ನಾನೇನ್ ಗಿಡ ಹತ್ತಿದ್ನೇನು? ಸೋಮವಾರ ಒಬ್ಬೊಬ್ಬಂದೂ ಬೆನ್ನ ಚರ್ಮ ಸುಲೀತೀನಿ!”

ಇದು ಸುಳ್ಳು ಎಂದು ಗ್ಯಾನಮ್ಮನಿಗೆ ಗೊತ್ತಿತ್ತು. ಅವಳೂ ಅದೇ ಶಾಲೆಯಲ್ಲಿ ಕಲಿತವಳು. ಅವಳೂ ಸಾಹೇಬರ ಚಹಾಕ್ಕೆ ಚರಿಗೆ ಹಿಡಿದು ಓಡಿದ್ದಳು. ಕೆಂಪು ಮರಿಯ ಮುಂದೆ ನಿಂತು ಎಂಟು ವರ್ಷದ ಹುಡುಗರ ಮೇಲೆ ತಪ್ಪು ಹಾಕಿ ಕೂಗಾಡುತ್ತಿದ್ದ ಈ ಮನುಷ್ಯನನ್ನು ಕಂಡು ಅವಳು ತಲೆ ತಗ್ಗಿಸಿದಳು. ಕಾಲ ಕೆಳಗಿನ ಫರಶಿ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು.

ಚಾಂದ್‌ಬೀ ಮೊಣಕೈಯಿಂದ ತಿವಿದಳು. “ಯಾರಬೇ ಈ ಮುದುಕ? ನಿಮ್ಮ ಊರ ಕಡಿಯಾವ ಇದ್ದಂಗ ಐತಿ. ಗೊತ್ತೇನು ನಿಂಗ?”

“ನಂಗೇನ್ ಗೊತ್ತು?” ಎಂದಳು ಗ್ಯಾನಮ್ಮ. “ಯಾರೋ ಏನೋ.”

ಹೇಳಿ ತಲೆಯೆತ್ತಿದಾಗ ಅಪ್ಪ ಅವಳನ್ನೇ ನೋಡುತ್ತಿದ್ದರು. ಸಾಹೇಬರಿಗೆ ದಾರಿ ಬಿಡಲು ಮಂದಿ ಸರಿದಿದ್ದರು, ನಡುವೆ ಇದ್ದದ್ದು ಒಂದು ಬೆಂಚು. ಕೂಗು ಅವರ ಬಾಯಲ್ಲೇ ನಿಂತಿತ್ತು.

ಮೈಲಾರಲಿಂಗಪ್ಪ ಮರಿಯನ್ನು ತನ್ನ ಕರವಸ್ತ್ರದಲ್ಲಿ ಇಟ್ಟು, ಸಿಟ್ಟಿಲ್ಲದೆ ಕೇಳಿದ, “ಗೂಡು ತರಬೇಕು ಅಂತ ನಿಮಗ ಯಾರ್ ಹೇಳಿದ್ರಿ ಸರ? ನಾವಂತೂ ಹೇಳಿದ್ದಿಲ್ಲ.”

ಮಾಸ್ತರರು ಮಗಳ ಕಡೆಯಿಂದ ಕಣ್ಣು ತೆಗೆದರು. ಅವರ ದನಿ ಇಳಿದುಹೋಗಿತ್ತು.

“ಯಾರೂ ಹೇಳಿಲ್ರಿ. ನನ್ನ ತಲ್ಯಾಗ ಬಂದದ್ದು.” ಚೀಲ ಹತ್ತಿರ ಎಳೆದುಕೊಂಡು, “ಹುಡುಗ್ರುದೂ ತಪ್ಪಿಲ್ರಿ. ನಾ ಅಂಜಿಸಿ ತರಿಸೀನಿ. ಖಾಲಿ ತರ್ರಿ ಅಂತ ಹೇಳಿದ್ದಿಲ್ಲ ನಾ” ಎಂದರು.

ನಗು ನಿಂತಿತು. ಮಾಸ್ತರರು ಒಂದೊಂದೇ ಗೂಡು ಬಿಚ್ಚಿ ಚೀಲಕ್ಕೆ ಇಳಿಸತೊಡಗಿದರು. ಬದುಕಿದ್ದ ನಾಲ್ಕೈದು ಮರಿಗಳನ್ನು ಮೈಲಾರಲಿಂಗಪ್ಪ ಸೀಮೆಸುಣ್ಣದ ಡಬ್ಬಿಯಲ್ಲಿ ಹತ್ತಿ ಹಾಕಿ ಇಟ್ಟುಕೊಂಡ. “ಇವು ಉಳಿಯೂದಿಲ್ರಿ” ಎಂದ.

ಊಟ ಹೊರಗೆ ಬೇವಿನ ಗಿಡದ ಕೆಳಗೆ. ಮಾಸ್ತರರು ಗೋಡೆಯ ಬದಿಗೆ ಚೀಲ ಇಟ್ಟುಕೊಂಡು ಒಬ್ಬರೇ ಕುಳಿತಿದ್ದರು. ಅವರ ಹಳೆಯ ಗೆಳೆಯ, ಲಿಂಗಸುಗೂರಿನ ಹುಸೇನ್‌ಸಾಬ್ ಮಾಸ್ತರು ತಾಟು ಹಿಡಿದು ಬಂದು ಪಕ್ಕಕ್ಕೆ ಕುಳಿತರು. ಗ್ಯಾನಮ್ಮ ಆ ಕಡೆಯ ನಳದಲ್ಲಿ ತಂಬಿಗೆ ತುಂಬಿಸುತ್ತಿದ್ದಳು. ಬೆನ್ನು ಅವರ ಕಡೆಗಿತ್ತು.

“ಹೋಗ್ಲಿ ಬಿಡೋ ವಿರೂಪಾಕ್ಷಿ,” ಎಂದರು ಹುಸೇನ್‌ಸಾಬ್. “ನಾ ಏನ್ ತಂದೀನಿ ಗೊತ್ತೇನು? ಬಾಜಾರದಾಗ ಕೊಂಡ ಹೂವು. ಹಳ್ಳದ ದಂಡ್ಯಾಗ ಸಿಕ್ತು ಅಂತ ಬರದು ಇಟ್ಟೀನಿ. ಅಂದಂಗ ನಿನ್ನ ಮಗಳೂ ಟೀಚರ್ ಆಗ್ಯಾಳಂತ, ಸಿಂಧನೂರ ಕಡೆ? ಈ ಮಂದ್ಯಾಗ ಅದಾಳೇನು? ತೋರ್ಸು, ಸಣ್ಣಾಕಿದ್ದಾಗ ನೋಡಿದ್ದೆ.”

ಗ್ಯಾನಮ್ಮ ನಳ ಬಂದ್ ಮಾಡಿದಳು. ಈಗ ಅಪ್ಪ ಕರೆಯುತ್ತಾರೆ ಎಂದು ಕಾದಳು. ಕರೆದರೆ ತಿರುಗಿ ಅವರ ಹತ್ತಿರ ಓಡಿಬಿಡುತ್ತಿದ್ದಳು.

“ಆಕಿ ಬಂದಿಲ್ಲ,” ಎಂದರು ಮಾಸ್ತರರು. “ರಜಾ ಹಾಕ್ಯಾಳ. ಜ್ವರ.”

ತಂಬಿಗೆಯ ನೀರು ಅವಳ ಕಾಲ ಮೇಲೆ ಚೆಲ್ಲಿತು. ಹುಸೇನ್‌ಸಾಬ್ ಕೈತೊಳೆಯಲು ಎದ್ದು ಹೋದ ಮೇಲೆ ಅವಳು ತಂಬಿಗೆ ಹಿಡಿದು ಗೋಡೆಯ ಹತ್ತಿರ ಹೋದಳು. ನೀರು ಮುಂದೆ ಚಾಚಿದಳು.

ಮಾಸ್ತರರು ಸುತ್ತ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ, “ಬ್ಯಾಡ್ರಿ ಮೇಡಂ. ನನಗ ಸಾಕಾಗೈತಿ. ನೀವು ಉಣ್ಣೋಗ್ರಿ” ಎಂದರು.

ಹುಟ್ಟಿದಾಗಿನಿಂದ ‘ಏನಬೇ’, ‘ಬಾ ಇಲ್ಲಿ’, ‘ಗ್ಯಾನವ್ವ’ ಎಂದ ಬಾಯಿ ಅದು. ಸಿಟ್ಟು ಬಂದರೆ ಬೈದ ಬಾಯಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ತಂಬಿಗೆ ಅಲ್ಲಿಯೇ ಇಟ್ಟು ಹೊರಳಿ ಬಂದಳು.

ಮಧ್ಯಾಹ್ನ ಗುಂಪು ಚರ್ಚೆ. ಬೇವಿನ ಗುಂಪಿಗೆ ‘ಪ್ರಕೃತಿ ಮೂಲೆ ಹೇಗಿರಬೇಕು’ ಎಂಬ ವಿಷಯ ಬಂತು. ಗುಂಪಿನವರು ದುಂಡಗೆ ಕುಳಿತರು.

“ಮೊದಲನೇದು ಇದಾ ಬರೀರಿ,” ಒಬ್ಬ ಹೇಳಿದ. “ಮುಂಜಾನಿ ಆ ಮಾಸ್ತರು ಮಾಡ್ದಂಗ ಮಾಡಬಾರದು.”

“ಹೆಸರು ಹಾಕೂದೇನು?”

“ಹೆಸರ್ಯಾಕ? ಗೂಡಿನ ಮಾಸ್ತರು ಅಂದ್ರ ಸಾಕು, ಎಲ್ಲರಿಗೂ ಗೊತ್ತಾಗ್ತದ.”

ಮತ್ತೆ ನಕ್ಕರು. ಗ್ಯಾನಮ್ಮನೂ ಬಾಯಿ ಅಗಲಿಸಿದಳು. ಅದು ನಗುವಿನ ಹಾಗೆಯೇ ಕಂಡಿರಬೇಕು, ಯಾರೂ ಏನೂ ಕೇಳಲಿಲ್ಲ.

“ಗ್ಯಾನಮ್ಮ ಹೇಳ್ಲಿ ಸ್ಟೇಜಿನ ಮ್ಯಾಲೆ. ಆಕಿಗೆ ಮಾತು ಚಂದ ಬರ್ತಾವ,” ಎಂದಳು ಚಾಂದ್‌ಬೀ.

ಅವಳು ವೇದಿಕೆ ಹತ್ತಿದಾಗ ಹಾಲು ತುಂಬಿತ್ತು. ಮೈಕಿನ ಮುಂದೆ ನಿಂತು ಹಿಂದಿನ ಸಾಲಿನವರೆಗೆ ಹುಡುಕಿದಳು. ಬಿಳಿ ಅಂಗಿಗಳು ಬಹಳ ಇದ್ದವು. ಕೊನೆಗೆ ಕಿಟಕಿಯ ಹತ್ತಿರ ನೋಡಿದಳು. ಗಳ ಮಾತ್ರ ಇತ್ತು. ಅಪ್ಪ ಎಲ್ಲೋ ಹಿಂದೆ ಕುಳಿತಿರಬೇಕೆಂದುಕೊಂಡಳು.

“ಪ್ರಕೃತಿ ಮೂಲೆಯಲ್ಲಿ ಜೀವ ಇರುವ ಯಾವುದನ್ನೂ ಕಿತ್ತು ತರಬಾರದು,” ಎಂದು ಶುರು ಮಾಡಿದಳು. ಗುಂಪಿನವರು ಬರೆದ ಹಾಳೆಯನ್ನು ಮಡಿಚಿದಳು. ಮೈಕು ಕುಂಯ್ ಎಂದಿತು.

“ಮುಂಜಾನಿ ಗೂಡು ತಂದ ಮಾಸ್ತರು ನಮ್ಮಪ್ಪ,” ಎಂದಳು. “ಗೂಡು ಒಯ್ಯಿ ಅಂತ ಅವರಿಗೆ ಹೇಳಿದಾಕಿ ನಾನು. ನಾನೂ ಇದಾ ತರಬೇತಿ ತಗೊಂಡಾಕಿ. ನೀವು ನಕ್ಕಾಗ ನಾ ಯಾರೋ ಏನೋ ಅಂದೆ. ಅವರು ನನ್ನ ಹೆಸರು ಹೇಳ್ಲಿಲ್ಲ.”

ಅವಳು ಕಾಯುತ್ತಿದ್ದದ್ದು ಒಂದೇ ಒಂದು ಸದ್ದಿಗೆ. ಹಿಂದಿನಿಂದ ಅಪ್ಪ ಕೆಮ್ಮಿದರೂ ಸಾಕಿತ್ತು.

ಮೈಲಾರಲಿಂಗಪ್ಪ ಎದ್ದ. ಅವನ ಕಣ್ಣು ಒದ್ದೆಯಾಗಿದ್ದವು. ಮನುಷ್ಯ ಕೆಟ್ಟವನಲ್ಲ, ಆದರೆ ತರಬೇತಿ ಕೊಟ್ಟು ಕೊಟ್ಟು ಎಲ್ಲದಕ್ಕೂ ಒಂದೇ ಮದ್ದು ಕಲಿತಿದ್ದ. “ಇಂಥ ಧೈರ್ಯ ಎಲ್ಲರಿಗೂ ಬರೂದಿಲ್ರಿ. ನಮ್ಮ ಮೇಡಂ ಅವರಿಗೆ ಒಂದು ಮಳೆ ಚಪ್ಪಾಳೆ!” ಎಂದ.

ಮಳೆ ಚಪ್ಪಾಳೆ ಎಂದರೆ ಮೊದಲು ಒಂದು ಬೆರಳಿನಿಂದ ಅಂಗೈಗೆ ಬಡಿಯುವುದು, ಆಮೇಲೆ ಎರಡು, ಮೂರು, ಕೊನೆಗೆ ಇಡೀ ಕೈ. ಮಳೆ ಸಣ್ಣಗೆ ಶುರುವಾಗಿ ದೊಡ್ಡದಾದ ಹಾಗೆ ಕೇಳುತ್ತದೆ. ಮಕ್ಕಳಿಗಾಗಿ ಮಾಡಿದ್ದು. ಮೀಸೆ ಹೊತ್ತ ಗಂಡಸರು, ಬೆಳಗ್ಗೆ ಹೊಟ್ಟೆ ಹಿಡಿದು ನಕ್ಕವರು, ಈಗ ಬೆರಳು ಎಣಿಸಿ ಬಡಿದರು. ಮಳೆ ಅವಳ ಮೇಲೆ ಸುರಿಯಿತು. ಗ್ಯಾನಮ್ಮ ಅದು ನಿಲ್ಲುವವರೆಗೆ ತಲೆತಗ್ಗಿಸಿ ನಿಲ್ಲಬೇಕಾಯಿತು. ಮುಂಜಾನೆ ಆದ ನಾಚಿಕೆಗಿಂತ ಇದು ಹೆಚ್ಚಿತ್ತು.

ಇಳಿದು ಬಂದಾಗ ಹುಸೇನ್‌ಸಾಬ್ ಎದುರಿಗೆ ನಿಂತಿದ್ದರು. “ನಿಮ್ಮಪ್ಪ ಉಂಡ ಕೂಡ್ಲೇ ಹೊಂಟಾನವ್ವ,” ಎಂದರು. “ಬಸ್ ಸ್ಟ್ಯಾಂಡಿಗೆ ಹೋಗಿ ನೋಡು. ನಿನಗ ಜ್ವರ ಬಂದೈತಿ ಅಂತ ಹೇಳಿದ್ನಲ್ಲ ನನಗ!”

ಅವಳು ಚಾಂದ್‌ಬೀಗೂ ಹೇಳದೆ ಹೊರಟಳು.

ಮಾಸ್ತರರು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಳಿತಿದ್ದರು. ಚೀಲ ಕಾಲ ನಡುವೆ. ಎದೆಯ ಮೇಲಿನ ಜಾಲಿಯ ಎಲೆಯನ್ನು ತೆಗೆಯಲು ಮರೆತಿದ್ದರು.

“ಅಪ್ಪಾ.”

ಅವರು ತಲೆಯೆತ್ತಿ, ಮೊದಲು ಅವಳ ಹಿಂದೆ ನೋಡಿದರು. “ಜೋರಾಗಿ ಕರೀಬ್ಯಾಡ. ಆ ಚಹಾದಂಗಡ್ಯಾಗ ನಿಮ್ಮ ಸಿಂಧನೂರ ಮಂದಿ ನಿಂತಾರ.”

“ನಿಲ್ಲಲಿ. ಎಲ್ಲಾ ಹೇಳಿ ಬಂದೀನಿ.”

“ಏನಂತ?”

“ನೀ ನಮ್ಮಪ್ಪ ಅಂತ. ಗೂಡು ಒಯ್ಯಿ ಅಂದಾಕಿ ನಾನಾ ಅಂತ. ಮೈಕಿನ್ಯಾಗ ಹೇಳಿ ಬಂದೀನಿ.”

ಮಾಸ್ತರರು ಎದ್ದೇ ನಿಂತರು. “ಹುಚ್ಚಿ! ಯಾರ್ ಹೇಳಂದ್ರು ನಿನಗ? ನಾ ಇನ್ನ ನಾಲ್ಕೈದು ವರ್ಷಕ್ಕ ಮನ್ಯಾಗ ಕೂಡಾವ. ನೀ ಆ ಮಂದಿ ನಡುವ ಜೀವಮಾನ ತೆಗೀಬೇಕು. ಎಲ್ಲಾ ನನ್ನ ಮ್ಯಾಲೆ ಹಾಕ್ಕೊಂಡು ಮುಗಿಸಿ ಬಂದಿದ್ದೆ. ಹಾಳ್ ಮಾಡಿ ಬಂದೀದಿ!” ಚಹಾದಂಗಡಿಯವರು ತಿರುಗಿ ನೋಡಿದರು. ಅವರು ದನಿ ಇಳಿಸಿ ಕುಳಿತರು. “ನಕ್ರೇನು?”

“ಇಲ್ಲ. ಚಪ್ಪಾಳಿ ಹೊಡದ್ರು.”

ಮಾಸ್ತರರು ಅವಳ ಮುಖವನ್ನೇ ನೋಡಿದರು. “ನಿನಗ ಚಪ್ಪಾಳಿ ಹೊಡದ್ರು,” ಎಂದರು. ಕೇಳಿದ್ದಲ್ಲ, ಸುಮ್ಮನೆ ಹೇಳಿದ್ದು. “ಚೊಲೋ ಆತು ಬಿಡು.”

ಗ್ಯಾನಮ್ಮ ಕಲ್ಲಿನ ತುದಿಗೆ ಕುಳಿತಳು. “ಅಪ್ಪಾ, ಮುಂಜಾನಿ ಚಾಂದ್‌ಬೀ ಕೇಳಿದಾಗ ನಾ ಹಂಗ ಅಂದೆನಲ್ಲ...” ಎಂದಳು.

“ಏನಂದಿ? ನನಗೇನೂ ಕೇಳಿಸ್ಲಿಲ್ಲ.”

“ನೀ ನನ್ನಾ ನೋಡಾಕತ್ತಿದ್ದಿ.”

“ಕೇಳಿಸ್ಲಿಲ್ಲ ಅಂದ್ನೆಲ್ಲ! ಅಷ್ಟು ಗದ್ದಲದಾಗ ಏನ್ ಕೇಳಸ್ತತಿ?” ಅವರು ರಸ್ತೆಯ ಕಡೆ ಮುಖ ತಿರುಗಿಸಿದರು.

ಕೇಳಿಸಿಯೇ ಇಲ್ಲ ಎನ್ನುವವರ ಹತ್ತಿರ ಕ್ಷಮೆ ಕೇಳುವುದು ಹೇಗೆ? ಒಂದು ಬಸ್ಸು ಬಂದು ಸಂತೆಕಲ್ಲೂರು ಸಂತೆಕಲ್ಲೂರು ಎಂದು ಕೂಗಿ ಹೋಯಿತು. ಮಾಸ್ತರರು ಏಳಲಿಲ್ಲ.

“ಬಸ್ ಹೋತಲ್ಲಪ್ಪ.”

“ಹೋಗ್ಲಿ. ಹಿಂದಿಂದೂ ಬಿಟ್ಟೀನಿ.” ಅವರು ಚೀಲದ ಬಾಯಿಯನ್ನು ಬಿಗಿಹಿಡಿದರು. “ಹುಡುಗ್ರು ಊರ ಮುಂದ ಬಸ್ ನಿಲ್ಲೂವಲ್ಲಿ ಕಾಯ್ತಿರ್ತಾವ. ನಾನಾ ಕಾಯ್ರಿ ಅಂದೀನಿ. ನಮ್ಮ ಸಾಲಿ ಫಸ್ಟ್ ಬಂತೇನ್ರಿ ಸರ ಅಂತ ಕೇಳ್ತಾವ. ಕೈತುಂಬ ಮುಳ್ಳು ಚುಚ್ಚಿಸಿಕೊಂಡಾವ. ಏನಂತ ಇಳೀಲಿ?”

ಅಪ್ಪನಿಗೆ ಮಕ್ಕಳ ಮುಂದೆ ಹೋಗಲು ನಾಚಿಕೆಯಾದದ್ದನ್ನು ಅವಳು ಕಂಡಿರಲಿಲ್ಲ, ಕೇಳಿರಲಿಲ್ಲ.

“ನಾನೂ ಬರ್ತೀನಿ. ಕೂಡೇ ಇಳಿಯೂಣು,” ಎಂದಳು. ಅವರು ಚೀಲದ ಬಾಯಿಯ ಹಿಡಿತ ಬಿಟ್ಟರು.

ಮುಂದಿನ ಬಸ್ಸು ಬಂದಾಗ ಅವಳೇ ಚೀಲ ಎತ್ತಿದಳು. ಹಗುರಿತ್ತು. ಅಷ್ಟು ಹಗುರ ಇರುತ್ತದೆಂದು ತಿಳಿದಿರಲಿಲ್ಲ. ಮಾಸ್ತರರು ಕಿಟಕಿಯ ಬದಿಗೆ ಕುಳಿತರು. ಕಂಡಕ್ಟರ್ ಚೀಲ ನೋಡಿ, “ಏನೈತ್ರಿ ಅಜ್ಜಾರ ಇದರಾಗ? ಹುಲ್ಲೇನು?” ಎಂದ. ಮಾಸ್ತರರು ಕಿಟಕಿಯ ಆಚೆ ನೋಡಿದರು.

“ಗೀಜಗದ ಗೂಡು,” ಎಂದಳು ಗ್ಯಾನಮ್ಮ.

“ಅಷ್ಟೂ? ಖಾಲಿ ಅದಾವಿಲ್ಲೋ?”

ಮುಂದಿನ ಸೀಟಿನ ಹೆಣ್ಣುಮಗಳೊಬ್ಬಳು ತಿರುಗಿ ಚೀಲ ನೋಡಿದಳು. ಬಾಜು ಕುಳಿತವರೂ ನೋಡಿದರು.

“ಖಾಲಿ ಇರ್ಲಿಲ್ಲ,” ಎಂದಳು ಗ್ಯಾನಮ್ಮ. “ಮರಿ ಇದ್ದವು. ನಾವು ನೋಡ್ಲಿಲ್ಲ.”

ಕಂಡಕ್ಟರ್ ನಾಲಿಗೆ ಲೊಚಗುಟ್ಟಿ ಮುಂದೆ ಹೋದ. ಹೆಣ್ಣುಮಗಳು ಬಹಳ ಹೊತ್ತು ನೋಡುತ್ತಲೇ ಇದ್ದಳು. ಗ್ಯಾನಮ್ಮ ಅಪ್ಪನ ಪಕ್ಕದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮಾಸ್ತರರು ಅವಳಿಗೆ ಜಾಗವಾಗಲೆಂದು ಸ್ವಲ್ಪ ಸರಿದರು. ಮುಖ ಮಾತ್ರ ಕಿಟಕಿಯ ಕಡೆಯೇ ಇತ್ತು.